ಪರದೆಯ ಒಳಗೆ ಹೋದ ಲಾಯರಮ್ಮ

(ತಾಲ್ಲೂಕು ವಕೀಲರ ಸಂಘವೊಂದರಲ್ಲಿ ಕಿರಿಯ ವಕೀಲರ ಮುಂದೆ ಆಡಿದ ಮಾತುಗಳಿವು. ಮಾತಿನಲ್ಲಿ ಮತ್ತೆ ಮತ್ತೆ ಬಂದದ್ದನ್ನು ತೆಗೆದು, ಬಿಟ್ಟುಹೋದ ಒಂದೆರಡನ್ನು ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ‘ಮಹಿಳಾ ವಕೀಲರ ಸಾಧನೆಗಳು’ ಅಂತ ಅಚ್ಚಾಗಿದೆ. ಸಾಧನೆ ಅಂದ ಕೂಡಲೇ ಹೆಸರುಗಳ ಪಟ್ಟಿ ಓದಬೇಕಾಗುತ್ತದೆ. ಪಟ್ಟಿ ಓದಿದರೆ ಹಿಂದಿನ ಬೆಂಚಿನವರು ಮೊಬೈಲು ತೆಗೆಯುತ್ತಾರೆ. ಅದಕ್ಕೆ ಒಬ್ಬರ ಕಥೆ ಮಾತ್ರ ಹೇಳುತ್ತೇನೆ, ಕಾರ್ಯದರ್ಶಿಗಳು ಕ್ಷಮಿಸಬೇಕು.

ಮೊದಲು ಒಂದು ಶಬ್ದ. ಬೆಂಗಳೂರಿನ ಶಿವಾಜಿನಗರ ಗೊತ್ತಿದ್ದವರಿಗೆ ಅಲ್ಲಿನ ಘೋಷಾ ಆಸ್ಪತ್ರೆ ಗೊತ್ತಿರುತ್ತದೆ. ನಾನು ಕಾಲೇಜು ಓದುವಾಗ ಅದನ್ನು ದಿನಾ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಘೋಷಾ ಅಂದರೆ ಯಾವುದೋ ಡಾಕ್ಟರಮ್ಮನ ಹೆಸರು ಅಂದುಕೊಂಡಿದ್ದೆ. ಬಹಳ ವರ್ಷದ ಮೇಲೆ ತಿಳಿಯಿತು, ಘೋಷಾ ಅಂದರೆ ಪರದೆ. ಪರಗಂಡಸರ ಕಣ್ಣಿಗೆ ಬೀಳಬಾರದ ಹೆಂಗಸರಿಗೆ ಅಂತ ಮಾಡಿದ ಆಸ್ಪತ್ರೆ. ಗಂಡು ಡಾಕ್ಟರ ಹತ್ತಿರ ನಾಡಿ ತೋರಿಸಲಾಗದ ಹೆಂಗಸಿಗೆ ಲೇಡಿ ಡಾಕ್ಟರು ಬೇಕು ಅನ್ನುವುದು ಆ ಕಾಲದವರಿಗೂ ಅರ್ಥವಾಗಿತ್ತು. ಅದೇ ಹೆಂಗಸಿಗೆ ಲೇಡಿ ಲಾಯರೂ ಬೇಕಲ್ವಾ? ಹೊಟ್ಟೆನೋವು ಬಂದರೆ ಗೊತ್ತಾಗುತ್ತದೆ. ಆಸ್ತಿ ಹೋದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಈ ಪ್ರಶ್ನೆಯನ್ನು ಹಿಡಿದುಕೊಂಡು ಒಂದಿಡೀ ಆಯುಷ್ಯ ಕಳೆದವರು ಕಾರ್ನೆಲಿಯಾ ಸೊರಾಬ್ಜಿ. ಅವರ ವಿಷಯಕ್ಕೆ ಬರುವ ಮುಂಚೆ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಅದನ್ನು ಬಿಟ್ಟು ಮುಂದೆ ಹೋದರೆ ಈ ಮಾತು ನನ್ನದಾಗುವುದಿಲ್ಲ.

ಪ್ರಾಕ್ಟೀಸು ಶುರು ಮಾಡಿ ಎರಡನೇ ವರ್ಷ. ಸೀನಿಯರು ಒಂದು ಹಕ್ಕು ಬಿಡುಗಡೆ ಪತ್ರ ಬರೆಯಲು ಕೊಟ್ಟರು. ನಾಲ್ಕು ಜನ ಅಕ್ಕತಂಗಿಯರು ತವರಿನ ಜಮೀನಿನ ಹಕ್ಕು ಅಣ್ಣನಿಗೆ ಬಿಟ್ಟುಕೊಡುವುದು. ಪತ್ರದ ಒಕ್ಕಣೆ ನಿಮಗೆಲ್ಲ ಬಾಯಿಪಾಠ: ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ, ಅರಿಶಿನ ಕುಂಕುಮದ ಬಾಬ್ತು ಇಷ್ಟು ಹಣ ಪಡೆದು. ಬರೆದೆ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದೆವು. ಕೌಂಟರಿನ ಹುಡುಗ ‘ಒಪ್ಪಿಗೆ ಇದೆಯಾ ಅಮ್ಮ?’ ಅಂತ ಕೇಳಿದ. ‘ಇದೆ ಸಾರ್’ ಅಂದಿದ್ದು ಅಣ್ಣ. ಹೆಬ್ಬೆಟ್ಟು ಬಿತ್ತು, ಫೋಟೋ ಬಿತ್ತು. ಹೊರಗೆ ಬಂದಮೇಲೆ ಕೊನೆಯ ತಂಗಿ ನನ್ನ ಹತ್ತಿರ ಬಂದು, ‘ಅಣ್ಣ ಕರೆದ ಅಂತ ಬಂದ್ವಿ ಕಣಮ್ಮ. ಇವತ್ತು ಹೋಟ್ಲಲ್ಲಿ ಊಟ ಹಾಕಿಸ್ತಾನಂತೆ’ ಅಂದರು. ಅವರಿಗೆ ತುಂಬಾ ಖುಷಿಯಾಗಿತ್ತು. ನಾನೂ ಆ ಊಟ ಮಾಡಿದೆ. ಒಬ್ಬಟ್ಟು ಹಾಕಿಸಿದ್ದರು.

ಅಲ್ಲಿ ಪರದೆ ಇರಲಿಲ್ಲ, ಘೋಷಾ ಇರಲಿಲ್ಲ. ಆ ಹೆಂಗಸರು ಬಸ್ಸಿನಲ್ಲಿ ಬಂದಿದ್ದರು. ಅದನ್ನು ತಲೆಯಲ್ಲಿ ಇಟ್ಟುಕೊಂಡು ಈಗ ಕಾರ್ನೆಲಿಯಾ ಕಥೆ ಕೇಳಿ.

ಹುಟ್ಟಿದ್ದು ನಾಸಿಕದಲ್ಲಿ, 1866ರ ನವೆಂಬರ್ 15. ಅಪ್ಪ ಪಾರ್ಸಿ ಮನೆತನದವರು, ಕ್ರೈಸ್ತರಾಗಿ ಪಾದ್ರಿಯಾದವರು. ತಾಯಿ ಫ್ರಾನ್ಸಿನಾ, ಒಬ್ಬ ಇಂಗ್ಲಿಷ್ ದಂಪತಿ ಸಾಕಿ ಬೆಳೆಸಿದ ಭಾರತೀಯ ಹೆಣ್ಣುಮಗಳು. ಆ ಸಾಕುತಾಯಿಯ ಹೆಸರನ್ನೇ ಮಗಳಿಗೆ ಇಟ್ಟರು. ಬಾಲ್ಯದ ಒಂದಿಷ್ಟು ಕಾಲ ಈ ಹುಡುಗಿ ನಮ್ಮ ಬೆಳಗಾವಿಯಲ್ಲಿ ಬೆಳೆದಳು, ಆಮೇಲೆ ಪುಣೆ. ಬೆಳಗಾವಿ ಅಂದ ಕೂಡಲೇ ಅವರನ್ನು ‘ಕನ್ನಡ ನಾಡಿನ ಹೆಮ್ಮೆ’ ಮಾಡಿಬಿಡುವ ಆಸೆ ನನಗಿಲ್ಲ. ಆದರೂ ಆ ಬೀದಿಗಳಲ್ಲಿ ಓಡಾಡಿದವರು ಅಂದಾಗ ಮನಸ್ಸಿಗೆ ಸ್ವಲ್ಪ ಹತ್ತಿರವಾಗುವುದು ನಿಜ.

ತಾಯಿ ಪುಣೆಯಲ್ಲಿ ಶಾಲೆ ನಡೆಸುತ್ತಿದ್ದರು. ಊರಿನ ಹೆಂಗಸರು ಕಷ್ಟ ಸುಖ ಹೇಳಿಕೊಳ್ಳಲು ಅವರ ಹತ್ತಿರ ಬರುತ್ತಿದ್ದರು. ಜಾಸ್ತಿ ಬರುತ್ತಿದ್ದದ್ದು ಆಸ್ತಿಯ ತಕರಾರು. ಕಾರ್ನೆಲಿಯಾ ಚಿಕ್ಕವರಿದ್ದಾಗ ಒಬ್ಬ ವಿಧವೆ ಅಳುತ್ತಾ ಬಂದರಂತೆ. ಆಸ್ತಿ ನೋಡಿಕೊಳ್ಳಲು ನಂಬಿ ಇಟ್ಟುಕೊಂಡಿದ್ದ ಕಾರಭಾರಿಯೇ ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಂಡು ಆಸ್ತಿ ಹೊಡೆದಿದ್ದ. ಸಹಿ ಹಾಕಿದ್ದು ಆಕೆಯೇ, ಹಾಗಾಗಿ ದೂರಲಿಕ್ಕೂ ದಾರಿಯಿಲ್ಲ. ನೀನು ದೊಡ್ಡವಳಾಗಿ ಇಂಥವರಿಗೆ ಸಹಾಯ ಮಾಡಬೇಕಾದರೆ ಕಾನೂನು ಓದಬೇಕು ಅಂತ ತಾಯಿ ಹೇಳಿದ್ದು ತಲೆಯಲ್ಲಿ ಕೂತಿತು ಅಂತ ಕಾರ್ನೆಲಿಯಾ ಬರೆದುಕೊಂಡಿದ್ದಾರೆ. ಅರವತ್ತು ದಾಟಿದ ಮೇಲೆ ಬರೆದ ಆತ್ಮಕಥೆ ಅದು. ಅಷ್ಟು ವರ್ಷದ ನಂತರ ನೆನಪು ಮಾಡಿಕೊಳ್ಳುವಾಗ ಬಾಲ್ಯ ಸ್ವಲ್ಪ ಚೆಂದವಾಗಿ ಜೋಡಿಸಿಕೊಳ್ಳುತ್ತದೆ. ಆದರೂ ನಂಬುತ್ತೇನೆ. ಮುಂದೆ ಅವರು ಮಾಡಿದ್ದೆಲ್ಲ ಆ ಒಂದು ಸಹಿಯ ಸುತ್ತಲೇ ಇದೆ.

ಪುಣೆಯ ಡೆಕ್ಕನ್ ಕಾಲೇಜಿಗೆ ಸೇರಿದ ಮೊದಲ ಹುಡುಗಿ ಅವರು. ಬಿ.ಎ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದರು. ಹಾಗೆ ಬಂದವರಿಗೆ ಇಂಗ್ಲೆಂಡಿನಲ್ಲಿ ಓದಲು ಸರ್ಕಾರಿ ಸ್ಕಾಲರ್‌ಶಿಪ್ಪು. ಆದರೆ ಇವರು ಹೆಂಗಸು, ಕೊಡಲಿಲ್ಲ. ಸುಮ್ನೆ ಕೂರುವ ಜಾಯಮಾನ ಅಲ್ಲ. ಅಹಮದಾಬಾದಿನ ಗುಜರಾತ್ ಕಾಲೇಜಿಗೆ ಹೋಗಿ ಗಂಡು ಹುಡುಗರಿಗೆ ಇಂಗ್ಲಿಷ್ ಪಾಠ ಹೇಳಿದರು. ಆಗ ವಯಸ್ಸು ಇಪ್ಪತ್ತೊಂದೋ ಇಪ್ಪತ್ತೆರಡೋ. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಮೇರಿ ಹಾಬ್‌ಹೌಸ್ ಎಂಬಾಕೆ ಪತ್ರಿಕೆಗೆ ಕಾಗದ ಬರೆದು ಚಂದಾ ಎತ್ತಿದರು. ಹಣ ಕೊಟ್ಟವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಇದ್ದರು. 1889ರಲ್ಲಿ ಕಾರ್ನೆಲಿಯಾ ಆಕ್ಸ್‌ಫರ್ಡಿನ ಸಾಮರ್‌ವಿಲ್ ಸೇರಿದರು.

ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿದ ಮೊದಲ ಹೆಂಗಸು ಅನ್ನುತ್ತೇವಲ್ಲ, ಅದು ಹೇಳಲು ಸುಲಭ. ಅಲ್ಲಿನ ಜನ ಒಳ್ಳೆಯವರೇ. ಬೇಲಿಯಲ್ ಕಾಲೇಜಿನ ಮುಖ್ಯಸ್ಥ ಬೆಂಜಮಿನ್ ಜೋವೆಟ್ ಅವರಿಗೆ ಈ ಹುಡುಗಿಯ ಮೇಲೆ ಅಕ್ಕರೆ. ಆಲ್ ಸೋಲ್ಸ್ ಕಾಲೇಜಿನ ದೊಡ್ಡ ಕಾನೂನು ಲೈಬ್ರರಿಯಲ್ಲಿ ಅಲ್ಲಿಯವರೆಗೆ ಹೆಂಗಸರು ಕೂತು ಓದಿರಲಿಲ್ಲ, ಇವರಿಗೆ ಅನುಮತಿ ಸಿಕ್ಕಿತು. ಆದರೆ ಪರೀಕ್ಷೆ ಹತ್ತಿರ ಬಂದಾಗ ಹೆಂಗಸಿನ ಉತ್ತರ ಪತ್ರಿಕೆ ತಿದ್ದುವುದಿಲ್ಲ ಅಂತ ತಕರಾರು ಬಂತು. ಕೊನೇ ಗಳಿಗೆಯಲ್ಲಿ ವಿಶ್ವವಿದ್ಯಾಲಯ ವಿಶೇಷ ನಿರ್ಣಯ ಮಾಡಿ ಗಂಡಸರ ಜೊತೆಯಲ್ಲೇ ಪರೀಕ್ಷೆಗೆ ಕೂರಿಸಿತು. ಅದು 1892. ಬಿ.ಸಿ.ಎಲ್. ಅನ್ನುವ ಕಾನೂನು ಪರೀಕ್ಷೆ ಪಾಸಾಯಿತು, ಥರ್ಡ್ ಕ್ಲಾಸಿನಲ್ಲಿ. ಇಲ್ಲಿ ಥರ್ಡ್ ಕ್ಲಾಸ್ ಬಂದವರು ಯಾರಾದರೂ ಇದ್ದರೆ ಧೈರ್ಯ ತಂದುಕೊಳ್ಳಿ. ಡಿಗ್ರಿ ಮಾತ್ರ ಕೈಗೆ ಬರಲಿಲ್ಲ. ಹೆಂಗಸರಿಗೆ ಪದವಿ ಕೊಡಲು ಆಕ್ಸ್‌ಫರ್ಡ್ ಒಪ್ಪಿದ್ದು 1920ರಲ್ಲಿ. ಪರೀಕ್ಷೆ ಬರೆದು ಇಪ್ಪತ್ತೆಂಟು ವರ್ಷದ ಮೇಲೆ.

ಇಲ್ಲಿ ಒಂದು ಹೋಲಿಕೆ ಹೇಳದೆ ಇರಲಾರೆ. ಕಾರ್ನೆಲಿಯಾ ಆಕ್ಸ್‌ಫರ್ಡಿನಲ್ಲಿ ಇದ್ದ ದಿನಗಳಲ್ಲೇ ಲಂಡನ್ನಿನಲ್ಲಿ ಇನ್ನೊಬ್ಬ ಭಾರತೀಯ ಹುಡುಗ ಕಾನೂನು ಓದುತ್ತಿದ್ದ. ಮೋಹನದಾಸ ಗಾಂಧಿ. 1891ರಲ್ಲಿ ಬ್ಯಾರಿಸ್ಟರ್ ಆಗಿ ಮುಂಬೈಗೆ ಬಂದರು. ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಕೇಸು, ಮೂವತ್ತು ರೂಪಾಯಿ ಫೀಸು. ಪಾಟೀಸವಾಲಿಗೆ ಎದ್ದು ನಿಂತರು, ಬಾಯಿ ಬರಲಿಲ್ಲ. ತಲೆ ತಿರುಗಿತು, ಕೂತುಬಿಟ್ಟರು. ನಮ್ಮಲ್ಲಿ ಅರ್ಧ ಜನರ ಮೊದಲ ದಿನ ಹೀಗೇ ಇತ್ತು, ಅಲ್ವಾ? ಗಾಂಧಿಗೆ ಮಾತಾಡುವ ಹಕ್ಕಿತ್ತು, ಅವತ್ತು ಮಾತು ಬರಲಿಲ್ಲ. ಕಾರ್ನೆಲಿಯಾಗೆ ಮಾತು ಧಾರಾಳವಾಗಿ ಬರುತ್ತಿತ್ತು, ಎದ್ದು ನಿಲ್ಲುವ ಹಕ್ಕೇ ಇರಲಿಲ್ಲ. ಮುಂದೆ ಇಬ್ಬರೂ ಗುಜರಾತಿನ ಕಾಠಿಯಾವಾಡದ ಸಂಸ್ಥಾನಗಳ ಕಾಗದಪತ್ರದ ಕೆಲಸ ಮಾಡಿದವರೇ. 1893ರಲ್ಲಿ ಅವರು ಹಡಗು ಹತ್ತಿ ದಕ್ಷಿಣ ಆಫ್ರಿಕಾಕ್ಕೆ ಹೋದರು, ಇವರು ಹಡಗು ಇಳಿದು ಭಾರತಕ್ಕೆ ಬಂದರು.

ಬಂದಮೇಲೆ ಶುರುವಾಯಿತು ಸನ್ನದಿನ, ಅಂದರೆ ವಕೀಲಿಕೆ ಮಾಡುವ ಪರವಾನಗಿಯ, ಕಥೆ. ಬ್ರಿಟಿಷ್ ಕೋರ್ಟುಗಳಲ್ಲಿ ಹೆಂಗಸಿಗೆ ಸನ್ನದು ಇಲ್ಲ. ಸಂಸ್ಥಾನಗಳಲ್ಲಿ ರಾಜನ ಮರ್ಜಿ. ಹಾಗಾಗಿ ಕಾಠಿಯಾವಾಡ, ಇಂದೋರ್ ಕಡೆ ವಿಶೇಷ ಅನುಮತಿ ತೆಗೆದುಕೊಂಡು ಅಂತಃಪುರದ ಹೆಂಗಸರ ಅರ್ಜಿ ಬರೆದುಕೊಟ್ಟರು. ಅರ್ಜಿ ಬರೆಯಬಹುದು, ವಾದ ಮಾಡುವಂತಿಲ್ಲ.

ಆ ಕಾಲದ ಒಂದು ಕೇಸನ್ನು ಅವರೇ ನಗುತ್ತಾ ಬರೆದಿದ್ದಾರೆ. ಕಕ್ಷಿದಾರ ಒಂದು ಆನೆ! ಹಿಂದಿನ ರಾಜ ಆನೆಯ ಮೇವಿಗೆ ಅಂತ ಒಂದು ತೋಪು ಬಿಟ್ಟುಕೊಟ್ಟಿದ್ದ. ಈಗಿನವನು ಅದನ್ನು ಕಿತ್ತುಕೊಂಡಿದ್ದ. ಅಂದರೆ ಪ್ರತಿವಾದಿ ರಾಜ, ನ್ಯಾಯಾಧೀಶನೂ ರಾಜ. ಕಾರ್ನೆಲಿಯಾ ಕಾನೂನೆಲ್ಲ ಜೋಡಿಸಿಕೊಂಡು ಅರಮನೆಗೆ ಹೋದರು. ರಾಜ ಉಯ್ಯಾಲೆಯ ಮೇಲೆ ಕೂತಿದ್ದ, ಪಕ್ಕದಲ್ಲಿ ಅವನ ನಾಯಿ. ನಾಯಿಗೆ ಈಕೆ ಹಿಡಿಸಿಬಿಟ್ಟಿತು. ನನ್ನ ನಾಯಿಗೆ ನೀನು ಇಷ್ಟವಾದೆ, ಕೇಸು ನಿನ್ನದು ಅಂತ ರಾಜ ತೀರ್ಪು ಕೊಟ್ಟ. ವಾದವೇ ನಡೆಯಲಿಲ್ಲ. ಆನೆಗೆ ತೋಪು ಬಂತು.

ಇಷ್ಟು ಹೇಳಿದರೆ ಎಲ್ಲರೂ ನಗುತ್ತೀರಿ. ನನಗೆ ಇದು ಸ್ವಲ್ಪ ಬೇಸರದ ಕಥೆ. ಅಷ್ಟು ಓದಿ, ಅಷ್ಟು ದೂರ ಹೋಗಿ, ಗೆದ್ದದ್ದು ನಾಯಿಯ ದಯೆಯಿಂದ. ಕಾನೂನು ಇಲ್ಲದ ಕಡೆ ಗೆದ್ದರೂ ಅದು ಭಿಕ್ಷೆಯೇ. ಅವರಿಗೂ ಹಾಗೇ ಅನ್ನಿಸಿರಬೇಕು. ಯಾಕೆಂದರೆ ಆಮೇಲೆ ಅವರು ಒಂದರ ಮೇಲೊಂದು ಬಾಗಿಲು ತಟ್ಟಿದರು. 1896ರಲ್ಲಿ ಪುಣೆಯಲ್ಲಿ ಕೊಲೆ ಆರೋಪ ಹೊತ್ತ ಒಬ್ಬ ಹೆಂಗಸಿನ ಪರ ನಿಂತರು. ಸನ್ನದು ಇಲ್ಲದೆ ಹೇಗೆ ನಿಂತರು? ಕಿರಿಯರು ಇಲ್ಲಿ ಕಿವಿಗೊಡಿ. ಆಗಿನ ಕ್ರಿಮಿನಲ್ ಪ್ರೊಸೀಜರ್ ಕೋಡಿನಲ್ಲಿ ‘ಪ್ಲೀಡರ್’ ಪದದ ವಿವರಣೆಯೊಳಗೆ, ಕೋರ್ಟಿನ ಅನುಮತಿ ಪಡೆದ ಬೇರೆ ಯಾವುದೇ ವ್ಯಕ್ತಿ ಅಂತ ಒಂದು ಬಾಲ ಇತ್ತು. ಆ ಬಾಲ ಹಿಡಿದುಕೊಂಡು ಒಳಗೆ ಹೋದರು. ಡೆಫಿನಿಷನ್ ಸೆಕ್ಷನ್ ಯಾರೂ ಓದುವುದಿಲ್ಲ, ಸೀದಾ ಶಿಕ್ಷೆಯ ಸೆಕ್ಷನ್‌ಗೆ ಹೋಗುತ್ತೇವೆ. ಅವರು ಓದಿದ್ದರು.

1897ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಎಲ್‌ಎಲ್.ಬಿ. 1899ರಲ್ಲಿ ಅಲಹಾಬಾದ್ ಹೈಕೋರ್ಟಿನ ಪ್ಲೀಡರ್ ಪರೀಕ್ಷೆ. ಎರಡೂ ಪಾಸು. ಸನ್ನದು ಮಾತ್ರ ಇಲ್ಲ. ಪಾಸು ಮಾಡುವುದು ಒಂದು, ಪ್ರಾಕ್ಟೀಸು ಮಾಡುವುದು ಇನ್ನೊಂದು ಅಂದರು.

ಈಗ ವಿಷಯದ ಹೊಟ್ಟೆಗೆ ಬಂದೆವು. ಪರದೆಯ ಹಿಂದಿನ ಹೆಂಗಸಿನ ಕಾನೂನು ಸ್ಥಿತಿ ಹೇಗಿತ್ತು ನೋಡಿ. ಬಂಗಾಳದಲ್ಲಿ ಗಂಡುಮಕ್ಕಳಿಲ್ಲದೆ ಜಮೀನ್ದಾರ ಸತ್ತರೆ ಆಸ್ತಿ ವಿಧವೆಯ ಕೈಗೆ ಬರುತ್ತಿತ್ತು, ಅವಳು ಬದುಕಿರುವವರೆಗೆ. ಕೈಗೆ ಅಂದರೆ ಕಾಗದದ ಮೇಲೆ. ಅವಳಿಗೆ ವಯಸ್ಸು ಹದಿನಾರೋ ಹದಿನೆಂಟೋ ಇರಬಹುದು. ಹೊರಗೆ ಬರುವಂತಿಲ್ಲ. ಬಾಡಿಗೆ ವಸೂಲಿ, ಕಂದಾಯ, ವ್ಯಾಜ್ಯ ಎಲ್ಲ ಕಾರಭಾರಿಯ ಕೈಯಲ್ಲಿ. ಅವಳು ಸತ್ತಮೇಲೆ ಆಸ್ತಿ ಯಾರಿಗೆ ಹೋಗಬೇಕೋ ಆ ದಾಯಾದಿಗಳು ಹೊರಗೆ ಕಾಯುತ್ತಿರುತ್ತಾರೆ. ಅವಳು ಬೇಗ ಸತ್ತಷ್ಟೂ ಅವರಿಗೆ ಲಾಭ.

ಕಾನೂನಿಗೆ ಇದೆಲ್ಲ ಗೊತ್ತಿರಲಿಲ್ಲ ಅಂತಲ್ಲ. ಪರದೆಯ ಹೆಂಗಸು ಕೋರ್ಟಿಗೆ ಬರಬೇಕಾಗಿಲ್ಲ ಅಂತ ವಿನಾಯಿತಿ ಕೊಟ್ಟಿತ್ತು. ಈಗಲೂ ಸಿವಿಲ್ ಪ್ರೊಸೀಜರ್ ಕೋಡಿನ 132ನೇ ಸೆಕ್ಷನ್ನಿನಲ್ಲಿ ಆ ವಿನಾಯಿತಿ ಇದೆ, ಹೋಗಿ ನೋಡಿ. ಅವಳು ಬರುವ ಬದಲು, ಕೋರ್ಟು ನೇಮಿಸಿದ ಕಮಿಷನರ್ ಅವಳ ಮನೆಗೆ ಬರುತ್ತಾನೆ. ಆಮೇಲೆ ಏನಾಗುತ್ತದೆ? ನಡುವೆ ಒಂದು ಪರದೆ ಇಳಿಬಿಟ್ಟಿರುತ್ತದೆ. ಇತ್ತ ಕಮಿಷನರ್, ಗುಮಾಸ್ತ, ಎರಡೂ ಕಡೆಯ ವಕೀಲರು, ಎಲ್ಲ ಗಂಡಸರು. ಅತ್ತ ಒಂದು ದನಿ. ಆ ದನಿ ರಾಣಿಯದೋ, ರಾಣಿಯ ದಾಸಿಯದೋ? ಯಾರಾದರೂ ಸಂಬಂಧಿಕ ಗಂಡಸು, ‘ಹೌದು, ಇದು ನಮ್ಮ ಅತ್ತಿಗೆಯ ದನಿಯೇ’ ಅಂತ ಗುರುತು ಹೇಳಬೇಕು. ಆ ಸಂಬಂಧಿಕ ಎಷ್ಟೋ ಸಲ ಎದುರು ಪಕ್ಷದವನೇ. ಪ್ರಶ್ನೆ ಕೇಳಿದ ಮೇಲೆ ಆಚೆ ಕಡೆ ಪಿಸುಮಾತು ಕೇಳುತ್ತದೆ, ಆಮೇಲೆ ಉತ್ತರ ಬರುತ್ತದೆ. ಪಿಸುಗುಟ್ಟಿದವರು ಯಾರು? ಕಾಗದ ಪರದೆಯ ಕೆಳಗಿನಿಂದ ಒಳಗೆ ಹೋಗುತ್ತದೆ, ಹೆಬ್ಬೆಟ್ಟು ಬಿದ್ದು ಹೊರಗೆ ಬರುತ್ತದೆ. ಬೆರಳು ಯಾರದು?

ಅವಳ ಸ್ವಂತ ವಕೀಲನೂ ಅವಳನ್ನು ಕಂಡಿರುವುದಿಲ್ಲ. ಕಾರಭಾರಿ ಬಂದು ಹೇಳಿದ್ದೇ ಅವಳ ಸೂಚನೆ. ವಕಾಲತ್ತಿಗೆ ಸಹಿ ಮಾಡಿಸಿಕೊಂಡು ಬರುವವನೂ ಅವನೇ. ಆ ಕಾರಭಾರಿಯೇ ಕಳ್ಳನಾದರೆ ದೂರು ಕೊಡುವುದು ಯಾರ ಮೂಲಕ?

ಕಾರ್ನೆಲಿಯಾ ಇದನ್ನು ಕಂಡವರು. ಆಗ ಇಂಥದ್ದಕ್ಕೆ ಸಾಮಾನ್ಯವಾಗಿ ಎರಡು ಉತ್ತರ ಕೇಳಿಬರುತ್ತಿತ್ತು. ಪರದೆ ಕೆಟ್ಟದ್ದು, ತೆಗೆಸಿ ಅನ್ನುವುದು ಸುಧಾರಕರ ಉತ್ತರ. ಅದು ಅವರ ಧರ್ಮ, ಕೈ ಹಾಕಬೇಡಿ ಅನ್ನುವುದು ಸರ್ಕಾರದ ಉತ್ತರ. ಕಾರ್ನೆಲಿಯಾ ಹೇಳಿದ್ದು ಮೂರನೆಯದು. ಪರದೆ ಹೋಗುವ ಕಾಲಕ್ಕೆ ಹೋಗಲಿ, ಇವತ್ತು ಆ ಹೆಂಗಸಿಗೆ ಆಸ್ತಿ ಹೋಗುತ್ತಿದೆ. ಪರದೆಯ ಒಳಗೆ ಹೋಗಬಲ್ಲ, ಕಾನೂನು ಬಲ್ಲ ಒಬ್ಬ ಹೆಂಗಸನ್ನು ಸರ್ಕಾರವೇ ಸಂಬಳ ಕೊಟ್ಟು ಇಡಲಿ. 1902ರಿಂದ, ಲಂಡನ್ನಿನಲ್ಲಿ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸಿಗೆ ಮನವಿ, ಲಂಡನ್ನಿನ ಪತ್ರಿಕೆಗೆ ಕಾಗದ, ದೊಡ್ಡವರ ಮನೆಗಳಿಗೆ ಓಡಾಟ ಎಲ್ಲ ಮಾಡಿದರು. ಈಗಿನವರು ‘ಪಾಲಿಸಿ ಅಡ್ವೊಕೆಸಿ’ ಅಂತ ಕೋರ್ಸ್ ಮಾಡಿ ಕಲಿಯುವುದು ಇದನ್ನೇ. ಗಮನಿಸಿ, ಅವರು ಹೊಸ ಕಾನೂನು ಕೇಳಲಿಲ್ಲ. ಒಂದು ಹುದ್ದೆ ಕೇಳಿದರು. ಕಾನೂನು ಆಗಲೇ ಇತ್ತು, ಅದನ್ನು ಪರದೆಯ ಆಚೆಗೆ ದಾಟಿಸುವವರು ಇರಲಿಲ್ಲ ಅಷ್ಟೇ.

1904ರಲ್ಲಿ ಆ ಹುದ್ದೆ ಹುಟ್ಟಿತು. ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ಗೆ ಲೇಡಿ ಅಸಿಸ್ಟೆಂಟ್. ಹೆಸರಿನಲ್ಲಿ ಕೋರ್ಟ್ ಇದೆ ಅಂತ ಮೋಸಹೋಗಬೇಡಿ, ಅದು ಕಂದಾಯ ಇಲಾಖೆಯದು. ಜಮೀನ್ದಾರಿಕೆ ಮೈನರ್ ಹುಡುಗನಿಗೋ ಹೆಂಗಸಿಗೋ ಬಂದು, ನಡೆಸಲು ಆಗುವುದಿಲ್ಲ ಅಂತ ಕಂಡರೆ ಸರ್ಕಾರ ಅದನ್ನು ತನ್ನ ವಶಕ್ಕೆ ತೆಗೆದುಕೊಂಡು ನಡೆಸುತ್ತಿತ್ತು. ಸರ್ಕಾರಕ್ಕೆ ವಿಧವೆಯರ ಮೇಲೆ ಕರುಣೆ ಉಕ್ಕಿತು ಅಂತ ನಾನು ಹೇಳುವುದಿಲ್ಲ. ಎಸ್ಟೇಟು ಮುಳುಗಿದರೆ ಕಂದಾಯ ಮುಳುಗುತ್ತದೆ. ಒಳಗಿನ ಸುದ್ದಿ ತರಲು ಅವರಿಗೂ ಒಬ್ಬರು ಬೇಕಾಗಿದ್ದರು. ಕಾರ್ನೆಲಿಯಾಗೆ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದೂ ಒಪ್ಪಿಕೊಂಡರು ಅನ್ನಿಸುತ್ತದೆ. ಸರ್ಕಾರದ ಲೆಕ್ಕವೂ ವಿಧವೆಯ ಲಾಭವೂ ಒಂದು ಕಡೆ ಕೂಡುವ ಜಾಗ ಹುಡುಕಿ ಅಲ್ಲಿ ಕುರ್ಚಿ ಹಾಕಿಸಿಕೊಂಡರು.

ಆ ಕುರ್ಚಿಯಲ್ಲಿ ಕೂತದ್ದು ಕಡಿಮೆ. 1907ರ ಹೊತ್ತಿಗೆ ಬಂಗಾಳ, ಬಿಹಾರ, ಒರಿಸ್ಸಾ, ಅಸ್ಸಾಂ ಎಲ್ಲ ಅವರ ವ್ಯಾಪ್ತಿ. ರೈಲು, ದೋಣಿ, ಪಲ್ಲಕ್ಕಿ, ಒಮ್ಮೊಮ್ಮೆ ಆನೆ. ಸೀರೆ ಉಟ್ಟುಕೊಂಡೇ ಹೋಗುತ್ತಿದ್ದರು, ಆಕ್ಸ್‌ಫರ್ಡಿನಲ್ಲೂ ಸೀರೆಯೇ. ಒಳಗೆ ಹೋದರೆ ಕೆಲಸ ಆಸ್ತಿಯದೊಂದೇ ಅಲ್ಲ. ಮಾಸಾಶನ ಸಾಲುತ್ತಿಲ್ಲ. ಅತ್ತೆ ಸೊಸೆ ಒಂದೇ ಎಸ್ಟೇಟಿಗೆ ಎರಡು ದತ್ತು ತಂದಿದ್ದಾರೆ. ಮೈನರ್ ಹುಡುಗನನ್ನು ಓದಿಸಬೇಕು, ಚಿಕ್ಕಪ್ಪಂದಿರು ಬಿಡುತ್ತಿಲ್ಲ. ಹುಡುಗನ ಜೀವಕ್ಕೇ ಅಪಾಯ ಅನ್ನುವ ಭಯ. ಇಂಥ ಮನೆಗಳಲ್ಲಿ ಮೊದಲ ಭೇಟಿಗೆ ಯಾರೂ ಬಾಯಿ ಬಿಡುವುದಿಲ್ಲ. ಮತ್ತೆ ಮತ್ತೆ ಹೋಗಿ, ಕೂತು, ಅವರು ಹೇಳಿದ್ದೆಲ್ಲ ಕೇಳಿ, ಆಮೇಲೆ ವಿಷಯ. ಇಪ್ಪತ್ತು ವರ್ಷದಲ್ಲಿ ಆರು ನೂರಕ್ಕೂ ಹೆಚ್ಚು ಹೆಂಗಸರು ಮತ್ತು ತಬ್ಬಲಿ ಮಕ್ಕಳ ಕೆಲಸ ಮಾಡಿಕೊಟ್ಟರು, ಕೆಲವು ಸಲ ಹಣವಿಲ್ಲದೆ. 1909ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಚಿನ್ನದ ಪದಕ ಕೊಟ್ಟಿತು. ಸನ್ನದು ಕೊಡದವರು ಪದಕ ಕೊಟ್ಟರು ನೋಡಿ.

ಈ ನಡುವೆ ಬೇರೆ ಹುಡುಗಿಯರೂ ಬಾಗಿಲು ತಟ್ಟುತ್ತಿದ್ದರು. 1916ರಲ್ಲಿ ಕಲ್ಕತ್ತಾದಲ್ಲಿ ರೆಜಿನಾ ಗುಹಾ ಅರ್ಜಿ ಹಾಕಿದರು. ಲೀಗಲ್ ಪ್ರಾಕ್ಟೀಷನರ್ಸ್ ಆಕ್ಟಿನಲ್ಲಿ ‘ಪರ್ಸನ್’ ಅಂತ ಇದೆ, ಹೆಂಗಸೂ ವ್ಯಕ್ತಿಯೇ ಅಲ್ಲವೇ ಅನ್ನುವುದು ವಾದ. ಪುಲ್ಲಿಂಗದ ಪದ ಇದ್ದ ಕಡೆ ಸ್ತ್ರೀಲಿಂಗವೂ ಸೇರುತ್ತದೆ ಅಂತ ಜನರಲ್ ಕ್ಲಾಸಸ್ ಆಕ್ಟು ಬೇರೆ ಹೇಳುತ್ತದೆ. ಆದರೂ ಹೈಕೋರ್ಟಿನ ಐವರು ನ್ಯಾಯಮೂರ್ತಿಗಳು ಕೂತು, ಇಲ್ಲ ಅಂದರು. 1921ರಲ್ಲಿ ಪಾಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾ ಅವರಿಗೂ ಅದೇ ಉತ್ತರ. ಅದೇ ವರ್ಷ ಅಲಹಾಬಾದ್ ಹೈಕೋರ್ಟ್ ಕಾರ್ನೆಲಿಯಾ ಹೆಸರನ್ನು ದಾಖಲು ಮಾಡಿಕೊಂಡಿತು. 1923ರಲ್ಲಿ ಕಾನೂನೇ ಬಂತು, ಹೆಂಗಸು ಅನ್ನುವ ಕಾರಣಕ್ಕೆ ಯಾರಿಗೂ ಸನ್ನದು ತಪ್ಪಿಸುವಂತಿಲ್ಲ ಅಂತ.

ಕಥೆ ಸುಖಾಂತ್ಯ ಅಂದುಕೊಂಡಿರಾ? 1924ರಲ್ಲಿ ಕಲ್ಕತ್ತಾದಲ್ಲಿ ಬ್ಯಾರಿಸ್ಟರ್ ಆಗಿ ಕೂತಾಗ ಅವರಿಗೆ ಐವತ್ತೆಂಟು ನಡೆಯುತ್ತಿತ್ತು. ಕೇಸು ಬರಲಿಲ್ಲ. ಬಂದರೂ ಒಪಿನಿಯನ್ ಬರೆಯುವ ಕೆಲಸ, ಎದ್ದು ನಿಂತು ವಾದ ಮಾಡುವುದು ಗಂಡಸು ವಕೀಲರಿಗೆ. ಮೂವತ್ತು ವರ್ಷ ತಟ್ಟಿದ ಬಾಗಿಲು ತೆಗೆದಾಗ ಒಳಗೆ ಕೂರಲು ಬೆಂಚಿರಲಿಲ್ಲ. ನನ್ನ ಜೂನಿಯರ್ ಒಬ್ಬಳು ಮೊನ್ನೆ, ‘ಮೇಡಂ, ಬೇಲ್ ಅರ್ಜಿ ನಾನೇ ಬರೆದೆ, ವಾದಕ್ಕೆ ಅವರು ನಿಂತರು’ ಅಂದಾಗ ನನಗೆ ಈ ಕಲ್ಕತ್ತಾ ನೆನಪಾಯಿತು. 1929ರಲ್ಲಿ ಅವರು ನಿವೃತ್ತರಾಗಿ ಲಂಡನ್ನಿಗೆ ಹೋದರು.

ಇನ್ನೊಂದು ಹೇಳದಿದ್ದರೆ ಇದು ಬರೀ ಹೊಗಳಿಕೆಯಾಗುತ್ತದೆ. ಕಾರ್ನೆಲಿಯಾ ಸ್ವರಾಜ್ಯದ ಹೋರಾಟವನ್ನು ಒಪ್ಪಲಿಲ್ಲ. ಬ್ರಿಟಿಷ್ ಆಡಳಿತ ಇರಬೇಕು ಅಂದವರು. ಗಾಂಧಿಯ ದಾರಿ ಅವರಿಗೆ ಹಿಡಿಸಲೇ ಇಲ್ಲ. 1927ರಲ್ಲಿ ಅಮೆರಿಕದ ಕ್ಯಾಥರೀನ್ ಮೇಯೋ ಭಾರತದ ಹೆಂಗಸರ ಸ್ಥಿತಿಯ ಬಗ್ಗೆ ಒಂದು ಪುಸ್ತಕ ಬರೆದರು. ಸ್ವರಾಜ್ಯಕ್ಕೆ ಈ ಜನ ಯೋಗ್ಯರಲ್ಲ ಅನ್ನುವ ಧಾಟಿ. ಗಾಂಧೀಜಿ ಅದನ್ನು ಚರಂಡಿ ಇನ್ಸ್‌ಪೆಕ್ಟರನ ವರದಿ ಅಂದರು. ದೇಶವೆಲ್ಲ ಸಿಟ್ಟಾಗಿದ್ದಾಗ ಕಾರ್ನೆಲಿಯಾ ಆ ಪುಸ್ತಕದ ಪರ ನಿಂತರು. ಅವರ ಜೊತೆ ಸಮಾಜಸೇವೆ ಮಾಡುತ್ತಿದ್ದ ಹೆಂಗಸರೇ ಅವರಿಂದ ದೂರ ಸರಿದರು. ಕಟ್ಟಿದ ಕೆಲಸ ಕುಸಿಯಿತು.

ಇದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು? ಪರದೆ ಇದ್ದರೆ ತಾನೇ ಅವರ ಹುದ್ದೆ, ಅದಕ್ಕೆ ಯಥಾಸ್ಥಿತಿಯೇ ಬೇಕಿತ್ತು ಅನ್ನುವವರಿದ್ದಾರೆ. ಅಷ್ಟು ಸಣ್ಣ ಲೆಕ್ಕ ಅಲ್ಲ ಅಂತ ನನ್ನ ಅನಿಸಿಕೆ. ಇಪ್ಪತ್ತು ವರ್ಷ ಒಳಮನೆಗಳನ್ನೇ ನೋಡಿದವರಿಗೆ ಹೊರಗಿನ ಮೆರವಣಿಗೆ ನಂಬಿಕೆ ಹುಟ್ಟಿಸಲಿಲ್ಲ. ಆದರೆ ಅದೇ ಕಾಲದಲ್ಲಿ ಹೆಂಗಸರು ಜೈಲಿಗೆ ಹೋಗುತ್ತಿದ್ದರು, ಉಪ್ಪು ಮಾರುತ್ತಿದ್ದರು. ಯಾರೂ ಕೈಹಿಡಿದು ನಡೆಸದೆ ತಾವೇ ಪರದೆ ದಾಟಿ ಬಂದಿದ್ದರು. ಅವರನ್ನು ಗುರುತಿಸಲು ಕಾರ್ನೆಲಿಯಾಗೆ ಆಗಲಿಲ್ಲ. ಕಕ್ಷಿದಾರರ ಮೇಲೆ ಕರುಣೆ ಜಾಸ್ತಿಯಾದರೆ ವಕೀಲರಿಗೆ ಬರುವ ಕಾಯಿಲೆ ಇದು. ಅವರು ತಾವಾಗಿ ಮಾತಾಡಿದ ದಿನ ನಮಗೆ ಇರುಸುಮುರುಸಾಗುತ್ತದೆ.

ಸ್ವಾತಂತ್ರ್ಯ ಬಂದಮೇಲೆ ಅವರನ್ನು ನೆನೆಯುವವರು ಇರಲಿಲ್ಲ. 1954ರ ಜುಲೈ 6ರಂದು ಲಂಡನ್ನಿನಲ್ಲಿ ತೀರಿಕೊಂಡರು, ಎಂಬತ್ತೇಳು ವರ್ಷ. ಅದಾದ ಎರಡು ವರ್ಷಕ್ಕೆ ಇಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ವಿಧವೆಯ ‘ಬದುಕಿರುವವರೆಗೆ’ ಅನ್ನುವ ಹಕ್ಕು ಪೂರ್ತಿ ಹಕ್ಕಾಯಿತು. 2012ರಲ್ಲಿ ಲಂಡನ್ನಿನ ಬ್ಯಾರಿಸ್ಟರುಗಳ ಸಂಘವಾದ ಲಿಂಕನ್ಸ್ ಇನ್‌ನಲ್ಲಿ ಅವರ ಪ್ರತಿಮೆ ಇಟ್ಟರು. 2017ರಲ್ಲಿ ಗೂಗಲ್ ಅವರ ಚಿತ್ರ ಹಾಕಿತ್ತು, ನಿಮ್ಮಲ್ಲಿ ಕೆಲವರು ನೋಡಿರಬಹುದು.

ಮಾತು ಮುಗಿದ ಮೇಲೆ ಮೂರ್ನಾಲ್ಕು ಪ್ರಶ್ನೆ ಬಂದವು. ಆನೆಯ ಕೇಸಿಗೆ ಫೀಸು ಎಷ್ಟು ಅಂತ ಒಬ್ಬರು ಕೇಳಿದರು, ಎಲ್ಲರೂ ನಕ್ಕರು. ಒಬ್ಬ ಹುಡುಗ ಮಾತ್ರ ಕೆಲಸದ ಪ್ರಶ್ನೆ ಕೇಳಿದ: ‘ಪರದಾನಶೀನ್ ಹೆಂಗಸರ ಕಾನೂನು ನಮ್ಮ ತಾಲ್ಲೂಕಿನಲ್ಲಿ ಎಲ್ಲಿ ಬರುತ್ತದೆ ಮೇಡಂ? ಇಲ್ಲಿ ಯಾರೂ ಪರದೆ ಹಾಕಿಕೊಳ್ಳುವುದಿಲ್ಲವಲ್ಲ.’

ದಿನಾ ಬರುತ್ತದೆ ಅಂದೆ. ಪರದೆಯ ಹೆಂಗಸು ಬರೆದುಕೊಟ್ಟ ಪತ್ರವನ್ನು ಮುಂದೆ ಮಾಡುವವನೇ, ಅವಳಿಗೆ ಅದು ಪೂರ್ತಿ ಅರ್ಥವಾಗಿತ್ತು ಅಂತ ಸಾಬೀತು ಮಾಡಬೇಕು. ಓದಿ ಹೇಳಿದ್ದೆ ಅಂದರೆ ಸಾಲದು. ತಿಳಿಯುವ ಹಾಗೆ ಹೇಳಿದ್ದಾನೋ, ಅವಳಿಗೆ ಬೇರೆಯವರ ಸಲಹೆ ಸಿಕ್ಕಿತ್ತೋ ಅಂತ ಕೋರ್ಟು ನೋಡುತ್ತದೆ. ಬ್ರಿಟಿಷರ ಕಾಲದಲ್ಲಿ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕಾಲದಲ್ಲೇ ಈ ರಕ್ಷಣೆ ಪರದೆ ಇಲ್ಲದ, ಓದು ಬರಹ ಬಾರದ ಹೆಂಗಸರಿಗೂ ಹಬ್ಬಿತು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದದ್ದು 1994ರಲ್ಲಿ, ದೇಶಕ್ಕೆಲ್ಲ ಬರುವ ಹನ್ನೊಂದು ವರ್ಷ ಮುಂಚೆ. ಪಾಲು ಬಂದಮೇಲೆ ಪಾಲು ಬಿಡಿಸಿಕೊಳ್ಳುವ ಕಾಗದವೂ ಜಾಸ್ತಿಯಾಯಿತು. ಅವನ್ನು ಬರೆಯುವವರು ನಾವೇ.

ಈಗ ನಾನು ಏನು ಮಾಡುತ್ತೇನೆ ಅಂತಲೂ ಅವನಿಗೆ ಹೇಳಿದೆ. ಹೋದ ವರ್ಷ ಇಂಥದ್ದೇ ಒಂದು ಕಾಗದ ಬಂತು. ಒಬ್ಬಳೇ ಅಕ್ಕ, ಇಬ್ಬರು ತಮ್ಮಂದಿರು. ತಮ್ಮಂದಿರನ್ನು ಎದುರಿನ ಜೆರಾಕ್ಸ್ ಅಂಗಡಿಗೆ ಕಳಿಸಿದೆ, ಆಧಾರ್ ಕಾಪಿ ನಾಲ್ಕು ಸೆಟ್ ಬೇಕು ಅಂತ. ಬಾಗಿಲು ಹಾಕಿ, ಅಕ್ಕನ ಪಕ್ಕದಲ್ಲಿ ಕೂತು ಷೆಡ್ಯೂಲು, ಅಂದರೆ ಜಮೀನಿನ ವಿವರ, ಓದಿದೆ. ಸರ್ವೆ ನಂಬರು ಹೇಳಿದರೆ ಅವರಿಗೆ ತಿಳಿಯಲಿಲ್ಲ. ಚೆಕ್ಕುಬಂದಿ ಹೇಳುತ್ತಾ ಹೋದೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಹೊಲ, ಉತ್ತರಕ್ಕೆ ಗಾಡಿ ದಾರಿ. ಅವರು ಕಣ್ಣು ಮುಚ್ಚಿಕೊಂಡು ಆ ಹೊಲದಲ್ಲಿ ನಡೆಯುತ್ತಿದ್ದ ಹಾಗೆ ಕಂಡಿತು. ಉತ್ತರದ ಮೂಲೆಗೆ ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದರು.

‘ಹಂಗಾದ್ರೆ ಬಾವಿ ಹತ್ರದ ತುಂಡೂ ಹೋಗುತ್ತಾ?’

ಹೋಗುತ್ತೆ ಅಂದೆ.

‘ಅದು ಬ್ಯಾಡ’ ಅಂದರು.

ತಮ್ಮಂದಿರು ನಾಲ್ಕು ಸೆಟ್ ಜೆರಾಕ್ಸ್ ಹಿಡಿದುಕೊಂಡು ಬಂದರು. ಅವತ್ತು ರಿಜಿಸ್ಟ್ರೇಷನ್ ಆಗಲಿಲ್ಲ.